ಮಾರ್ಬಲ್ ಹಾಕಿಸಿದ್ದು ನಾವು, ಬ್ಯಾಂಕು ಕೇಳಿದ್ದು ನಕ್ಷೆ

2025ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಮನೆಯನ್ನು ಮಾರಾಟಕ್ಕಿಟ್ಟೆವು. 30x40 ಸೈಟು, ನೆಲಮಹಡಿ, ಅದರ ಮೇಲೆ ಎರಡು ಮಹಡಿ. ಅಮ್ಮನಿಗೆ ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ. ಅಪ್ಪನಿಗೆ ಹಾಸನದ ಕಡೆ ಹೋಗಿ ಚಿಕ್ಕ ಮನೆ ಮಾಡಿಕೊಂಡು ಉಳಿದ ದುಡ್ಡನ್ನು ಬ್ಯಾಂಕಲ್ಲಿ ಇಡಬೇಕೆಂಬ ಆಸೆ. ಅವರ ಜೀವಮಾನದ ಉಳಿತಾಯವೆಲ್ಲ ಆ ಮನೆಯೊಳಗೇ ಇತ್ತು. ಪೆನ್ಷನ್ ಅಂತ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ, ಮುಂದೆ ಮಾರುವಾಗ ಒಳ್ಳೇ ಬೆಲೆ ಬರುತ್ತೆ ಅಂತಲೇ, ಹಾಲ್‌ಗೆ ಮಾರ್ಬಲ್, ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್ ಮಾಡಿಸಿದ್ದೆವು. ಒಟ್ಟು ಒಂಬತ್ತು ಲಕ್ಷ ಖರ್ಚು. ನಾವು ಹೇಳಿದ ಬೆಲೆ 1.65 ಕೋಟಿ. ಕೊನೆಗೆ ಮಾರಿದ್ದು 1.24 ಕೋಟಿಗೆ. ನಡುವಿನ ಆ 41 ಲಕ್ಷ ಎಲ್ಲಿ ಹೋಯಿತು ಅಂತ ಲೆಕ್ಕ ಹಾಕುತ್ತಾ ಹೋದಾಗ ಈ ಲೇಖನ ಹುಟ್ಟಿತು. ನಮ್ಮ ಮನೆಯ ಲೆಕ್ಕವನ್ನೇ ಮುಂದಿಡುತ್ತಿದ್ದೇನೆ, ಯಾಕೆಂದರೆ ಬೆಂಗಳೂರಿನ ಲಕ್ಷಾಂತರ ಮನೆಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ.

ಮೂರು ಮಹಡಿಯ ಇತಿಹಾಸ

ಅಪ್ಪ ಸೈಟು ತಗೊಂಡಿದ್ದು 1996ರಲ್ಲಿ, ಒಂದು ರೆವಿನ್ಯೂ ಬಡಾವಣೆಯಲ್ಲಿ. ಆಗ ಅದು ಗ್ರಾಮ ಪಂಚಾಯಿತಿ ವ್ಯಾಪ್ತಿ. 1998ರಲ್ಲಿ ಪಂಚಾಯಿತಿ ಸೀಲು ಹೊಡೆದ ನಕ್ಷೆ ಇಟ್ಟುಕೊಂಡು ನೆಲಮಹಡಿ ಕಟ್ಟಿದರು. 2005ರಲ್ಲಿ ಮೊದಲ ಮಹಡಿ. ಅದಕ್ಕೆ ಯಾರೂ ನಕ್ಷೆ ಕೇಳಲಿಲ್ಲ, ನಾವೂ ಮಾಡಿಸಲಿಲ್ಲ. 2007ರಲ್ಲಿ ಸುತ್ತಲಿನ ನಗರಸಭೆ, ಹಳ್ಳಿಗಳನ್ನೆಲ್ಲ ಸೇರಿಸಿ ಬಿಬಿಎಂಪಿ ಆಯಿತು. ನಮ್ಮ ಮನೆ 'ಬಿ' ವಹಿಗೆ ಸೇರಿತು, ಜನರ ಮಾತಿನಲ್ಲಿ ಬಿ ಖಾತಾ.

2012ರಲ್ಲಿ ಎರಡನೇ ಮಹಡಿ. ಅದರ ಸ್ಕೆಚ್ ಹಾಕಿದ್ದು ನಾನೇ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಮೂರು ತಿಂಗಳಾಗಿತ್ತು. ಕಾಲಂ ತಡೆಯುತ್ತಾ, ಪಾಯ ತಡೆಯುತ್ತಾ ಅಂತ ಎರಡು ದಿನ ಕೂತು ಲೆಕ್ಕ ಹಾಕಿದ್ದೆ. ಕಾನೂನು ತಡೆಯುತ್ತಾ ಅಂತ ಮಾತ್ರ ನೋಡಲಿಲ್ಲ. ಪಕ್ಕಕ್ಕೆ ಬಿಡಬೇಕಾದ ಜಾಗದ ಮೇಲೆ ಎರಡೂವರೆ ಅಡಿ ಸ್ಲ್ಯಾಬ್ ಎಳೆದೆವು. ಎರಡು ಸಣ್ಣ ಮನೆ ಬಂದವು, ಒಂದೊಂದಕ್ಕೆ ಆರು ಸಾವಿರ ಬಾಡಿಗೆ.

ಆ ಮಹಡಿಯನ್ನು ಈಗ ಬೈಯುವುದು ಸುಲಭ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಅದು ನಮ್ಮನ್ನು ಸಾಕಿತು. ಎಂಟು ಲಕ್ಷ ಹಾಕಿ ಕಟ್ಟಿದ್ದು, ಖಾಲಿ ಇದ್ದ ತಿಂಗಳುಗಳನ್ನು ಬಿಟ್ಟರೂ 13 ವರ್ಷದಲ್ಲಿ ಸುಮಾರು 17 ಲಕ್ಷ ಬಾಡಿಗೆ ಕೊಟ್ಟಿತು. ಅಕ್ಕನ ಓದು ನಡೆದಿದ್ದು ಅದರಿಂದಲೇ. ಎರಡು ಕುಟುಂಬಗಳಿಗೆ ಈ ನಗರದಲ್ಲಿ ಕೈಗೆಟುಕುವ ಸೂರೂ ಸಿಕ್ಕಿತು. ಪ್ರತಿ ವರ್ಷ ಆ ಮಹಡಿಯನ್ನೂ ಸೇರಿಸಿ ಆಸ್ತಿ ತೆರಿಗೆ ಕಟ್ಟಿದ್ದೇವೆ, ರಸೀದಿಗಳಿವೆ. ಬೇರೆ ಕರೆಂಟ್ ಮೀಟರ್ ಕೂಡ ಸಿಕ್ಕಿತ್ತು. ಹೀಗಿರುವಾಗ ಅದು ಅಕ್ರಮ ಅಂತ ನಮಗೆ ಅನಿಸುವುದಾದರೂ ಹೇಗೆ?

ಬೆಲೆ ಕಟ್ಟುವವರು ಏನು ನೋಡುತ್ತಾರೆ?

ಜೂನ್‌ನಲ್ಲಿ ಒಂದು ಜೋಡಿ ಬಂತು. ಇಬ್ಬರಿಗೂ ಮೂವತ್ತರ ಆಸುಪಾಸು, ಇಬ್ಬರೂ ಐಟಿ ಕೆಲಸದಲ್ಲಿ. ಮನೆ ಅವರಿಗೆ ತುಂಬಾ ಹಿಡಿಸಿತು. ಮಾರ್ಬಲ್ ನೋಡಿ ಅಲ್ಲ, ಎರಡನೇ ಮಹಡಿಯ ಬಾಡಿಗೆ ನೋಡಿ. "ಅಂಕಲ್, ಇಎಂಐಗೆ ಇದೇ ಆಸರೆ ಆಗುತ್ತೆ" ಅಂದರು ಆ ಹುಡುಗಿ. 1.52 ಕೋಟಿಗೆ ಮಾತಾಯಿತು. ಟೋಕನ್ ಕೊಟ್ಟು, ಸಾಲಕ್ಕೆ ಅರ್ಜಿ ಹಾಕಿದರು.

ಮನೆಯನ್ನು ಬ್ಯಾಂಕು ನೋಡುವ ರೀತಿ ನಾವು ನೋಡುವ ರೀತಿಗಿಂತ ಪೂರ್ತಿ ಬೇರೆ. ಅವರ ಪ್ಯಾನೆಲ್ ಎಂಜಿನಿಯರ್ ಬಂದು ಟೇಪ್ ಹಿಡಿದ. ಅವನ ಲೆಕ್ಕ ಸರಳ. ಜಾಗಕ್ಕೆ ಆ ಏರಿಯಾದ ದರ: ಚದರ ಅಡಿಗೆ 10,500ರಂತೆ 1,200 ಅಡಿಗೆ 1.26 ಕೋಟಿ. ಕಟ್ಟಡಕ್ಕೆ ಇವತ್ತು ಹೊಸದಾಗಿ ಕಟ್ಟಿದರೆ ಎಷ್ಟಾಗುತ್ತೋ ಅಷ್ಟು, ಅದರಲ್ಲಿ ವಯಸ್ಸಿನ ಸವಕಳಿ ಕಳೆದು. ಆರ್‌ಸಿಸಿ ಕಟ್ಟಡದ ಆಯಸ್ಸು 60 ವರ್ಷ ಅಂತ ಹಿಡಿದರೆ 27 ವರ್ಷದ ನೆಲಮಹಡಿಯ ಬೆಲೆಯಲ್ಲಿ 45% ಹೋಯಿತು. 900 ಚದರ ಅಡಿಗೆ ಎರಡು ಸಾವಿರದಂತೆ 18 ಲಕ್ಷ, ಸವಕಳಿ ಕಳೆದು ಉಳಿದಿದ್ದು ಸುಮಾರು 10 ಲಕ್ಷ. ಮೊದಲ ಮತ್ತು ಎರಡನೇ ಮಹಡಿಗೆ ನಕ್ಷೆ ಇಲ್ಲ, ಹಾಗಾಗಿ ಸೊನ್ನೆ. ಮಾರ್ಬಲ್, ಫಾಲ್ಸ್ ಸೀಲಿಂಗ್, ಕಿಚನ್ ಬಗ್ಗೆ ಕೇಳಿದೆ. "ಸರ್, ಅದೆಲ್ಲ ವರದೀಲಿ ಬರಲ್ಲ" ಅಂದ.

ಅಂದರೆ ಕಾಗದದ ಮೇಲೆ ನಮ್ಮ ಮನೆ 1.36 ಕೋಟಿ. ಅದಕ್ಕಾದರೂ ಸಾಲ ಸಿಕ್ಕಿತಾ ಅಂದರೆ ಇಲ್ಲ. ಬ್ಯಾಂಕಿನ ವಕೀಲರು ಬಿ ಖಾತಾ ನೋಡಿ ಫೈಲನ್ನೇ ಮುಚ್ಚಿದರು. ಹೆಚ್ಚಿನ ಬ್ಯಾಂಕುಗಳು ಬಿ ಖಾತಾ ಆಸ್ತಿಗೆ ಗೃಹಸಾಲ ಕೊಡುವುದಿಲ್ಲ. ಕೊಡುವ ಕೆಲವು ಖಾಸಗಿ ಹಣಕಾಸು ಕಂಪನಿಗಳ ಬಡ್ಡಿ ಜಾಸ್ತಿ. ಆ ಜೋಡಿ ಎರಡು ವಾರ ಓಡಾಡಿ, ಕೈಚೆಲ್ಲಿ, ಟೋಕನ್ ವಾಪಸ್ ತಗೊಂಡು ಹೋದರು.

ಇಲ್ಲಿ ಒಂದು ನಿಯಮ ನೆನಪಿರಲಿ. 75 ಲಕ್ಷಕ್ಕಿಂತ ದೊಡ್ಡ ಗೃಹಸಾಲದಲ್ಲಿ ಬ್ಯಾಂಕು ಆಸ್ತಿ ಮೌಲ್ಯದ ಗರಿಷ್ಠ 75% ಮಾತ್ರ ಕೊಡಬಹುದು ಅನ್ನುತ್ತದೆ ರಿಸರ್ವ್ ಬ್ಯಾಂಕ್. 30ರಿಂದ 75 ಲಕ್ಷದ ಸಾಲಕ್ಕೆ 80%, 30 ಲಕ್ಷದವರೆಗೆ 90%. ಆ ಮೌಲ್ಯವನ್ನು ನಿರ್ಧರಿಸುವುದು ನೀವು ಮಾಲೀಕರ ಜೊತೆ ಮಾತಾಡಿಕೊಂಡ ಬೆಲೆ ಅಲ್ಲ, ಬ್ಯಾಂಕಿನ ಎಂಜಿನಿಯರ್ ಬರೆದ ಬೆಲೆ. ಮಾರುವವರು ಮಾಡಿಸಿದ 'ಇಂಪ್ರೂವ್‌ಮೆಂಟ್' ಆ ವರದಿಗೆ ಬರದಿದ್ದರೆ ಅದರ ಅಷ್ಟೂ ಹಣವನ್ನು ಕೊಳ್ಳುವವರು ಸ್ವಂತ ಜೇಬಿನಿಂದ ತರಬೇಕು. ಇದರ ಮೇಲೆ ನೋಂದಣಿ ಖರ್ಚು ಬೇರೆ. 2025ರ ಆಗಸ್ಟ್ 31ರಿಂದ ರಾಜ್ಯ ಸರ್ಕಾರ ನೋಂದಣಿ ಶುಲ್ಕವನ್ನು 1%ನಿಂದ 2%ಗೆ ಏರಿಸಿದೆ. 45 ಲಕ್ಷ ಮೀರಿದ ಆಸ್ತಿಗೆ 5% ಮುದ್ರಾಂಕ, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಈಗ ಒಟ್ಟು 7.6%. ಒಂದೂವರೆ ಕೋಟಿಯ ಮನೆಗೆ 11 ಲಕ್ಷಕ್ಕೂ ಹೆಚ್ಚು. ಇದಕ್ಕೆ ಸಾಲ ಸಿಗುವುದಿಲ್ಲ.

ಬಾಗಿಲು ಯಾರಿಗೆ ತೆರೆದಿದೆ?

ಅಕ್ಟೋಬರ್‌ನಲ್ಲಿ ಬ್ರೋಕರ್ ಇನ್ನೊಬ್ಬರನ್ನು ಕರೆತಂದ. ಅವರು ಒಳಗೆ ಬರಲೂ ಇಲ್ಲ. ರಸ್ತೆಯಲ್ಲೇ ನಿಂತು ಸೈಟಿನ ಅಗಲ ನೋಡಿ, ಮೂಲೆಯ ಚರಂಡಿ ನೋಡಿ, "ಒಡೆದು ಕಟ್ತೀವಿ, ಸೈಟ್ ರೇಟ್ ಹೇಳಿ" ಅಂದರು. 1.26 ಕೋಟಿ. ಅದರಲ್ಲಿ ಒಂದು ಪಾಲು ನಗದು ಕೊಡುತ್ತೇವೆ ಅಂದರು. ಅಪ್ಪ ಒಪ್ಪಲಿಲ್ಲ. "ಇಡೀ ದುಡ್ಡು ಬ್ಯಾಂಕಿಗೇ ಬರಬೇಕು ಕಣಪ್ಪ, ಈ ವಯಸ್ಸಲ್ಲಿ ನೋಟೀಸು ಹಿಡ್ಕೊಂಡು ಅಲೆಯೋಕಾಗಲ್ಲ" ಅಂತ ನನ್ನ ಹತ್ತಿರ ಹೇಳಿದರು. ಹಾಗಂದಿದ್ದಕ್ಕೆ ಇನ್ನೆರಡು ಲಕ್ಷ ಇಳಿಯಿತು. ಮೂರು ಮಹಡಿಯ ಮನೆ, ಒಂಬತ್ತು ಲಕ್ಷದ ಅಲಂಕಾರ, ಎಲ್ಲವೂ ಸೊನ್ನೆ. ಒಡೆಯುವ ಖರ್ಚು ತಮ್ಮ ಪಾಲಿಗೆ ಅಂತ ಅವರು ಚೌಕಾಸಿ ಮಾಡಿದ್ದನ್ನು ನೋಡಿದರೆ ಸೊನ್ನೆಗಿಂತಲೂ ಕೆಳಗೆ.

ನಮ್ಮ ನಷ್ಟವನ್ನು ಒಂದು ಕ್ಷಣ ಪಕ್ಕಕ್ಕಿಡಿ. ಸಂಬಳ ತೋರಿಸಿ, ತೆರಿಗೆ ಕಟ್ಟಿ, ಸಾಲ ಮಾಡಿ ಕೊಳ್ಳಲು ಬಂದ ಇಬ್ಬರು ಯುವಕ ಯುವತಿ 1.52 ಕೋಟಿ ಕೊಡಲು ಸಿದ್ಧರಿದ್ದರು, ಆದರೂ ಅವರಿಗೆ ಮನೆ ಸಿಗಲಿಲ್ಲ. ಕೈಯಲ್ಲಿ ಹಣ ಇದ್ದವರಿಗೆ ಅದೇ ಮನೆ 28 ಲಕ್ಷ ಕಡಿಮೆಗೆ ಸಿಕ್ಕಿತು. ದಾಖಲೆ ಸರಿ ಇಲ್ಲದ ಮನೆಗಳ ಇಡೀ ಮಾರುಕಟ್ಟೆ ನಡೆಯುವುದು ಹೀಗೆಯೇ. ಸಾಲ ಪಡೆಯುವವರನ್ನು ಅದು ಹೊರಗಿಟ್ಟು, ಮೊದಲೇ ದುಡ್ಡಿರುವವರಿಗೆ ರಿಯಾಯಿತಿ ಕೊಡುತ್ತದೆ. ನಮ್ಮ ತಲೆಮಾರಿಗೆ ಬೆಂಗಳೂರಿನಲ್ಲಿ ಮನೆ ಯಾಕೆ ಸಿಗುತ್ತಿಲ್ಲ ಅನ್ನುವ ಪ್ರಶ್ನೆಗೆ ಜಾಗದ ಬೆಲೆ, ಬಡ್ಡಿ ದರಗಳ ಜೊತೆಗೆ ಈ ಉತ್ತರವನ್ನೂ ಸೇರಿಸಿಕೊಳ್ಳಬೇಕು.

ಸರ್ಕಾರ ಎರಡು ನಾಲಿಗೆಯಲ್ಲಿ ಮಾತಾಡುತ್ತದೆ

ಇದು ನಮ್ಮ ಅಪ್ಪನ ತಪ್ಪು, ನನ್ನ ತಪ್ಪು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ತಪ್ಪನ್ನು ಬೆಳೆಸಿದವರು ಯಾರು ಅಂತಲೂ ಕೇಳಬೇಕು.

ಅಕ್ರಮ–ಸಕ್ರಮದ ಕಥೆ ನೋಡಿ. ದಂಡ ಕಟ್ಟಿಸಿಕೊಂಡು ವಸತಿ ಕಟ್ಟಡಗಳಲ್ಲಿ 50%, ವಾಣಿಜ್ಯ ಕಟ್ಟಡಗಳಲ್ಲಿ 25%ವರೆಗಿನ ಉಲ್ಲಂಘನೆಯನ್ನು ಸಕ್ರಮ ಮಾಡುವ ನಿಯಮ 2014ರಲ್ಲಿ ಬಂತು. 2013ರ ಅಕ್ಟೋಬರ್ 19ಕ್ಕಿಂತ ಮೊದಲು ಕಟ್ಟಿದ್ದಕ್ಕೆ ಮಾತ್ರ ಅನ್ವಯ. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಮ್ಮ ಅಪ್ಪನಂಥವರು ವರ್ಷಗಟ್ಟಲೆ 'ಇವತ್ತಲ್ಲ ನಾಳೆ ಸಕ್ರಮ ಆಗುತ್ತೆ' ಅಂತ ಕಾದರು. ಆ ನಂಬಿಕೆಯಲ್ಲೇ ಇನ್ನೆಷ್ಟೋ ಜನ ಹೊಸ ಮಹಡಿಗಳನ್ನು ಏರಿಸಿದರು. ಚುನಾವಣೆ ಬಂದಾಗಲೆಲ್ಲ ಈ ಭರವಸೆಗೆ ಜೀವ ಬರುತ್ತದೆ.

ಅಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಬಿಗಿ ಶುರುವಾಯಿತು. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಮೇರಠ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವಂತೆ ನಿರ್ದೇಶನಗಳನ್ನು ಕೊಟ್ಟಿತು. ಓಸಿ, ಅಂದರೆ ಸ್ವಾಧೀನಾನುಭವ ಪ್ರಮಾಣಪತ್ರ, ಇಲ್ಲದೆ ಕರೆಂಟು, ನೀರು ಕೊಡಬೇಡಿ. ಅದನ್ನು ನೋಡದೆ ಬ್ಯಾಂಕುಗಳು ಸಾಲ ಕೊಡಬಾರದು. ತುಂಬಾ ವರ್ಷ ಆಯಿತು, ತುಂಬಾ ದುಡ್ಡು ಸುರಿದಿದ್ದೇವೆ ಅನ್ನುವುದು ಉಲ್ಲಂಘನೆಗೆ ಸಮರ್ಥನೆ ಆಗುವುದಿಲ್ಲ. ತಪ್ಪು ಪ್ರಮಾಣಪತ್ರ ಕೊಟ್ಟ ಅಧಿಕಾರಿಗಳ ಮೇಲೆ ಇಲಾಖಾ ಕ್ರಮ ಆಗಬೇಕು ಅಂತಲೂ ಕೋರ್ಟ್ ಹೇಳಿತ್ತು. ಕರ್ನಾಟಕದಲ್ಲಿ ಮೊದಲ ನಿರ್ದೇಶನ ಬೇಗ ಜಾರಿಗೆ ಬಂತು, 2025ರ ಏಪ್ರಿಲ್‌ನಿಂದ ಹೊಸ ಮನೆಗಳಿಗೆ ಕರೆಂಟು ನಿಂತಿತು. ಅಧಿಕಾರಿಗಳ ಭಾಗದ ಸುದ್ದಿಯನ್ನು ನೀವೆಷ್ಟು ಓದಿದ್ದೀರಿ, ನೆನಪು ಮಾಡಿಕೊಳ್ಳಿ.

ಜನರ ಆಕ್ರೋಶ ಹೆಚ್ಚಾದ ಮೇಲೆ ಸರ್ಕಾರ 1,200 ಚದರ ಅಡಿವರೆಗಿನ ಸೈಟಿನ ಮನೆಗಳಿಗೆ, ನೆಲಮಹಡಿ ಮೇಲೆ ಎರಡು ಅಥವಾ ಸ್ಟಿಲ್ಟ್ ಮೇಲೆ ಮೂರು ಮಹಡಿಯವರೆಗೆ, ಓಸಿಯಿಂದ ವಿನಾಯಿತಿ ಕೊಟ್ಟಿತು. 2025ರ ಅಕ್ಟೋಬರ್‌ನಲ್ಲಿ ಬಿ ಖಾತಾ ಸೈಟುಗಳನ್ನು ಎ ಖಾತಾ ಮಾಡುವ ಯೋಜನೆಯನ್ನೂ ಘೋಷಿಸಿತು. ಶುಲ್ಕ ಮಾರ್ಗಸೂಚಿ ಬೆಲೆಯ 5% ಅಂತ ಹೇಳಿತು. ಒಳ್ಳೆಯದೇ. ಆದರೆ ಈ ಎರಡನ್ನೂ ಸರಿಯಾಗಿ ಓದಿಕೊಳ್ಳಿ. ವಿನಾಯಿತಿ ಸಿಕ್ಕಿದ್ದು ಓಸಿಗೆ, ನಕ್ಷೆ ಮಂಜೂರಾತಿಗೆ ಅಲ್ಲ. ಬದಲಾಗುವುದು ಸೈಟಿನ ಖಾತಾ, ಅದರ ಮೇಲೆ ಜಾಗ ಬಿಡದೆ ಎಳೆದ ಸ್ಲ್ಯಾಬ್ ಹಾಗೇ ಇರುತ್ತದೆ. ಇನ್ನೊಂದು ವಿಷಯ: ಖಾತಾ ಅನ್ನುವುದೇ ಹಕ್ಕುಪತ್ರ ಅಲ್ಲ, ಅದು ತೆರಿಗೆ ಲೆಕ್ಕದ ದಾಖಲೆ. ಮಾಲೀಕತ್ವ ಗೊತ್ತಾಗುವುದು ಕ್ರಯಪತ್ರ, ಮೂಲಪತ್ರಗಳಿಂದ.

ಹೀಗೆ ಒಂದು ಕೈಯಲ್ಲಿ ತೆರಿಗೆ, ಇನ್ನೊಂದು ಕೈಯಲ್ಲಿ ನೋಟೀಸು. ತೆರಿಗೆ ರಸೀದಿಯಲ್ಲಿ ನಮ್ಮ ಎರಡನೇ ಮಹಡಿ ಇದೆ, ಬ್ಯಾಂಕಿನ ವರದಿಯಲ್ಲಿ ಇಲ್ಲ. ಈ ಎರಡು ಕಾಗದಗಳ ನಡುವಿನ ಅಂತರಕ್ಕೆ ಬೆಲೆ ಕಟ್ಟುವವರು ಮಾತ್ರ ಜನಸಾಮಾನ್ಯರು.

ಬೆಂಗಳೂರಿನ ಹೊರಗಿನ ಓದುಗರು ಇದು ರಾಜಧಾನಿಯ ರಗಳೆ ಅಂದುಕೊಳ್ಳಬೇಡಿ. 2025ರ ಫೆಬ್ರವರಿಯಿಂದ ರಾಜ್ಯದ ಉಳಿದ ನಗರ, ಪಟ್ಟಣಗಳಲ್ಲೂ ಅನಧಿಕೃತ ಬಡಾವಣೆಗಳಿಗೆ ಬಿ ಖಾತಾ ಕೊಡುವ ಅಭಿಯಾನ ನಡೆಯಿತು. ತೆರಿಗೆ ಜಾಲಕ್ಕೆ ಆ ಮನೆಗಳು ಬಂದವು. ಹತ್ತು ವರ್ಷದ ನಂತರ ಅಲ್ಲಿನ ಮಾಲೀಕರು ಮಾರಲು ಹೊರಟಾಗ ನಮ್ಮ ಮನೆಗೆ ಬಂದ ಆ ಪ್ಯಾನೆಲ್ ಎಂಜಿನಿಯರ್ ಅಲ್ಲಿಗೂ ಬರುತ್ತಾನೆ.

ಯಾವ ಕೆಲಸ ದುಡ್ಡು ತರುತ್ತೆ, ಯಾವುದು ತಿನ್ನುತ್ತೆ?

ಈ ಐದಾರು ತಿಂಗಳಲ್ಲಿ ಎಂಜಿನಿಯರ್‌ಗಳು, ಬ್ರೋಕರ್‌ಗಳು, ಕೊಳ್ಳಲು ಬಂದವರ ಜೊತೆ ಮಾತಾಡಿ ಕಲಿತಿದ್ದನ್ನು, ನನ್ನ ಹಳೇ ಓದಿನ ಜೊತೆ ಸೇರಿಸಿ ಹೇಳುತ್ತೇನೆ. ನಿಮ್ಮ ಮನೆಯವರು ಏನಾದರೂ ಕೆಲಸ ಮಾಡಿಸಲು ಹೊರಟಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲನೆಯದು ಸೋರಿಕೆ. ತಾರಸಿಯ ವಾಟರ್‌ಪ್ರೂಫಿಂಗ್, ಬಾತ್‌ರೂಮಿನ ಪೈಪು, ಗೋಡೆಯ ತೇವ. ಇದಕ್ಕೆ ಹಾಕಿದ ದುಡ್ಡು ಫೋಟೋದಲ್ಲಿ ಕಾಣುವುದಿಲ್ಲ. ಆದರೆ ಒಂದು ತೇವದ ಕಲೆ ಕಂಡರೆ ಕೊಳ್ಳುವವರು ಇಡೀ ಮನೆಯನ್ನು ಅನುಮಾನಿಸುತ್ತಾರೆ. ನಮ್ಮ ಹಾಲಿನ ಫಾಲ್ಸ್ ಸೀಲಿಂಗ್ ಬಗ್ಗೆ ಬಂದವರಲ್ಲಿ ಮೂವರು ಒಂದೇ ಪ್ರಶ್ನೆ ಕೇಳಿದರು: "ಮೇಲೆ ಸೋರೋದನ್ನ ಮುಚ್ಚೋಕೆ ಹಾಕಿಸಿದ್ರಾ?" ಹಾಗೇನೂ ಇರಲಿಲ್ಲ, ಆದರೆ ತೋರಿಸುವುದು ಹೇಗೆ?

ಎರಡನೆಯದು ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಆಮೇಲೆ ಕೊಳ್ಳುವವರು ಅಡುಗೆಮನೆಗಿಂತ ಮೊದಲು ಸಂಪು ನೋಡುತ್ತಾರೆ. ಕಾವೇರಿ ಸಂಪರ್ಕ ಇದೆಯಾ, ಸಂಪು ಎಷ್ಟು ಲೀಟರ್, ಬೋರ್ ಎಷ್ಟು ಅಡಿ. 1,200 ಚದರ ಅಡಿ ತಾರಸಿಯ ಮೇಲೆ ಬೆಂಗಳೂರಿನ ಒಂದು ವರ್ಷದ ಮಳೆ, ಸುಮಾರು 970 ಮಿ.ಮೀ., ಬಿದ್ದರೆ ಅದು ಒಂದು ಲಕ್ಷ ಲೀಟರ್ ದಾಟುತ್ತದೆ. ಅದರಲ್ಲಿ ಮುಕ್ಕಾಲು ಹಿಡಿದರೂ ಸಾಕಷ್ಟಾಯಿತು. 2009ರಿಂದಲೇ ಹೊಸ 30x40 ಮನೆಗಳಿಗೂ ಹಳೆಯ 60x40 ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಒಂದು ಫಿಲ್ಟರ್, ನಾಲ್ಕು ಪೈಪಿನ ಈ ಕೆಲಸ ಮಾರ್ಬಲ್‌ಗಿಂತ ಎಷ್ಟೋ ಅಗ್ಗ.

ಮೂರನೆಯದು ವೈರಿಂಗ್, ಅರ್ತಿಂಗ್. ಹಳೇ ಮನೆಯ ತಂತಿಗಳು ಎರಡು ಎಸಿ, ಗೀಸರ್, ಇಂಡಕ್ಷನ್ ಸ್ಟವ್ ಮತ್ತು ಈಗ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜಿಂಗನ್ನು ತಡೆಯುವಂಥವಲ್ಲ. ಕೊಳ್ಳುವವರಲ್ಲಿ ಎಂಜಿನಿಯರ್‌ಗಳೇ ತುಂಬಿರುವ ಊರಿದು, ಎಂಸಿಬಿ ಬಾಕ್ಸ್ ತೆರೆದು ನೋಡಿಯೇ ಹೋಗುತ್ತಾರೆ. ಸೋಲಾರ್ ವಿಷಯದಲ್ಲಿ ಮಾತ್ರ ಲೆಕ್ಕ ಸ್ವಲ್ಪ ವಿಚಿತ್ರ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಆದರೆ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದ ಮನೆಗೆ ಸೋಲಾರ್ ಪ್ಯಾನೆಲ್ ಏನು ಉಳಿಸುತ್ತೆ ಅಂತ ಕೊಳ್ಳುವವರು ಕೇಳುತ್ತಾರೆ. ಎರಡು ಸರ್ಕಾರಗಳ ಎರಡು ಒಳ್ಳೆಯ ಯೋಜನೆಗಳು ಒಂದೇ ತಾರಸಿಯ ಮೇಲೆ ಮುಖಾಮುಖಿಯಾಗಿವೆ.

ಈಗ ಬೆಲೆ ಇಳಿಸುವ ಕೆಲಸಗಳು. ಕಾರು ನಿಲ್ಲಿಸುವ ಜಾಗವನ್ನು ರೂಮೋ ಅಂಗಡಿಯೋ ಮಾಡುವುದು ಮೊದಲನೆಯದು. ಬಾಡಿಗೆ ಬರುತ್ತದೆ, ಪಾರ್ಕಿಂಗ್ ಹೋಗುತ್ತದೆ, ವಾಸದ ಮನೆಯಲ್ಲಿ ವ್ಯಾಪಾರ ಅಂತ ಇನ್ನೊಂದು ಉಲ್ಲಂಘನೆ ಸೇರುತ್ತದೆ. ಹಾಲ್ ದೊಡ್ಡದಾಗಲಿ ಅಂತ ಗೋಡೆ ಒಡೆಯುವುದು ಎರಡನೆಯದು. ತೊಂಬತ್ತರ ದಶಕದ ಎಷ್ಟೋ ಮನೆಗಳಲ್ಲಿ ಭಾರ ಹೊರುವುದು ಕಾಲಂಗಳಲ್ಲ, ಗೋಡೆಗಳೇ. ಮೇಸ್ತ್ರಿ 'ಏನಾಗಲ್ಲ ಸಾರ್' ಅಂದರೆ ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡಬೇಕು. ತಾರಸಿಯ ಮೇಲೆ ಮಣ್ಣು ತುಂಬಿ ತೋಟ ಮಾಡುವವರಿಗೂ ಒಂದು ಲೆಕ್ಕ ಹೇಳುತ್ತೇನೆ. ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೆಚ್ಚುವರಿ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಒಂದಡಿ ದಪ್ಪದ ಒದ್ದೆ ಮಣ್ಣು ಅದೇ ಜಾಗದಲ್ಲಿ 500 ಕೆ.ಜಿ. ದಾಟುತ್ತದೆ. ಕುಂಡಗಳನ್ನು ತೊಲೆಗಳ ಮೇಲೆ, ಅಂಚಿನಲ್ಲಿ ಇಟ್ಟುಕೊಳ್ಳಿ.

ವಾಸ್ತು ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ಮಾರುಕಟ್ಟೆಗೆ ಅದರ ಅಭಿಪ್ರಾಯ ಇದೆ. ಈಶಾನ್ಯದಲ್ಲಿ ಟಾಯ್ಲೆಟ್ ಇದೆ ಅಂತ ಇಬ್ಬರು ನಮ್ಮ ಮನೆಯಿಂದ ಹತ್ತು ನಿಮಿಷದಲ್ಲಿ ಹೊರಟರು. ಆದರೆ ಅದಕ್ಕಾಗಿ ಒಡೆದು ಕಟ್ಟಲು ಹೋಗಬೇಡಿ. ಒಬ್ಬರ ವಾಸ್ತು ಇನ್ನೊಬ್ಬರಿಗೆ ದೋಷ.

ಎಲ್ಲಕ್ಕಿಂತ ಅಗ್ಗದ ಇಂಪ್ರೂವ್‌ಮೆಂಟ್ ಒಂದಿದೆ, ಅದು ಒಂದು ಫೈಲು. ಮೂಲಪತ್ರ, ಋಣಭಾರ ಪತ್ರ, ಮಂಜೂರಾದ ನಕ್ಷೆ, ಇ-ಖಾತಾ, ತೆರಿಗೆ ರಸೀದಿ, ಜೊತೆಗೆ ಕಟ್ಟಿದ ಪ್ರತಿ ಖರ್ಚಿನ ಬಿಲ್ಲು. ಬಿಲ್ಲು ಯಾಕೆ ಅಂದರೆ ತೆರಿಗೆ. 2005ರಲ್ಲಿ ಅಪ್ಪ ಮೊದಲ ಮಹಡಿಗೆ ಆರು ಲಕ್ಷ ಖರ್ಚು ಮಾಡಿದ್ದರು, ಎಲ್ಲವೂ ಮೇಸ್ತ್ರಿಯ ಕೈಗೆ ನಗದು. ಮನೆಗೆ ಸೇರಿಸಿದ ಇಂಥ ಖರ್ಚನ್ನು ಮಾರಾಟದ ಲಾಭದಿಂದ ಕಳೆಯಲು ಆದಾಯ ತೆರಿಗೆ ಕಾನೂನು ಅವಕಾಶ ಕೊಡುತ್ತದೆ. ಸುಣ್ಣ ಬಣ್ಣ, ಸಣ್ಣ ರಿಪೇರಿ ಇದರಲ್ಲಿ ಬರುವುದಿಲ್ಲ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಗೆ ಹಣದುಬ್ಬರದ ಸೂಚ್ಯಂಕ ಸೇರಿಸಿ 20%, ಸೇರಿಸದೆ 12.5%, ಈ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು. ಸೂಚ್ಯಂಕ 2005–06ರಲ್ಲಿ 117 ಇತ್ತು, 2025–26ಕ್ಕೆ 376. ಆ ಆರು ಲಕ್ಷ ಈಗ 19.28 ಲಕ್ಷ ಅಂತ ಲೆಕ್ಕ. ಮೊದಲ ದಾರಿಯಲ್ಲಿ ಅದರಿಂದ ಉಳಿಯುವ ತೆರಿಗೆ 3.85 ಲಕ್ಷ, ಎರಡನೆಯದರಲ್ಲಿ 75 ಸಾವಿರ. ನಮ್ಮ ಹತ್ತಿರ ಒಂದೂ ಬಿಲ್ಲಿರಲಿಲ್ಲ.

ಹಾಗಾದರೆ ಏನು ಮಾಡಬೇಕು?

ಎಲ್ಲವನ್ನೂ ಸಕ್ರಮ ಮಾಡಿಬಿಡಿ ಅಂತ ಕೇಳುವುದು ನನ್ನ ಅನುಭವದ ಮೇಲೆ ಸುಲಭವಾದ ತೀರ್ಮಾನ. ಅದನ್ನು ನಾನು ಒಪ್ಪಲಾರೆ. 2024ರ ಅಕ್ಟೋಬರ್ 22ರಂದು ಹೆಣ್ಣೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಮಳೆಯಲ್ಲಿ ಕುಸಿದು ಒಂಬತ್ತು ಜನ ಸತ್ತರು. ಅನುಮತಿಗಿಂತ ಹೆಚ್ಚು ಮಹಡಿ ಏರಿಸಿದ್ದರು ಅನ್ನುವುದು ಆಮೇಲೆ ಹೊರಬಂತು. ಬಿಡಬೇಕಾದ ಜಾಗ ಗಾಳಿ ಬೆಳಕಿಗೆ, ಬೆಂಕಿ ಬಿದ್ದರೆ ಏಣಿ ಇಡುವುದಕ್ಕೆ. ನಮ್ಮ ಎರಡೂವರೆ ಅಡಿ ಸ್ಲ್ಯಾಬು ಪಕ್ಕದ ಮನೆಯವರ ಅಡುಗೆಮನೆಯ ಬೆಳಕನ್ನು 13 ವರ್ಷ ಮುಚ್ಚಿತ್ತು. ಅವರು ಒಂದು ದಿನವೂ ಜಗಳ ಮಾಡಲಿಲ್ಲ. ಅವರದ್ದೂ ನಮ್ಮ ಕಡೆಗೆ ಎರಡಡಿ ಬಂದಿತ್ತು.

ಕೇಳಬೇಕಾದ್ದು ಬೇರೆ. ಒಂದು, ಸಕ್ರಮದ ಅಳತೆಗೋಲು ದಂಡದ ಮೊತ್ತ ಆಗಬಾರದು, ಸುರಕ್ಷತೆ ಆಗಬೇಕು. ಮಹಡಿ ಗಟ್ಟಿ ಇದೆಯಾ, ಬೆಂಕಿ ಬಿದ್ದರೆ ಜನ ಹೊರಬರಬಹುದಾ ಅಂತ ಎಂಜಿನಿಯರ್ ಪರೀಕ್ಷಿಸಿ ಬರೆದುಕೊಡಲಿ. ತಾನಿರುವ ಮನೆಯ ಮೇಲೆ ಒಂದು ಮಹಡಿ ಹಾಕಿಕೊಂಡವರನ್ನೂ, ಮಾರುವುದಕ್ಕೆಂದೇ ಏಳು ಮಹಡಿ ಏರಿಸಿದ ಬಿಲ್ಡರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎರಡು, ಇ-ಖಾತಾದಲ್ಲಿ ಎಷ್ಟು ಮಹಡಿಗೆ ಮಂಜೂರಾತಿ ಇದೆ ಅನ್ನುವುದೂ ನಮೂದಾಗಲಿ. ಕೊಳ್ಳುವವರು ಟೋಕನ್ ಕೊಡುವ ಮೊದಲೇ ಫೋನಿನಲ್ಲಿ ನೋಡುವಂತಿರಲಿ. ಮೂರು, ಉಲ್ಲಂಘನೆಯನ್ನು ತಡೆಯುವುದು ಸ್ಲ್ಯಾಬ್ ಬೀಳುವ ಮೊದಲು. ಪಾಯದ ಹಂತದಲ್ಲೊಮ್ಮೆ, ಪ್ರತಿ ಸ್ಲ್ಯಾಬಿಗೊಮ್ಮೆ ಪರಿಶೀಲನೆ ನಡೆದು, ನೋಡಿ ಸಹಿ ಹಾಕಿದ ಅಧಿಕಾರಿಯ ಹೆಸರು ದಾಖಲೆಯಲ್ಲಿ ಉಳಿಯಲಿ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳಿವೆ. ಓಟು ಕೇಳಲು ಬಂದವರಿಗೆ ರಸ್ತೆ ಗುಂಡಿಯ ಜೊತೆ ಈ ಪ್ರಶ್ನೆಯನ್ನೂ ಕೇಳಿ.

ನೋಂದಣಿ ಆದ ಮೇಲೆ ಅಪ್ಪ ಅಮ್ಮ ಹಾಸನಕ್ಕೆ ಹೋದರು. ಅಂದುಕೊಂಡಿದ್ದಕ್ಕಿಂತ ಒಂದು ರೂಮು ಕಡಿಮೆ ಇರುವ ಮನೆ ಸಿಕ್ಕಿತು. ಕಳೆದ ತಿಂಗಳು ಉಳಿದ ಒಂದೆರಡು ಪಾತ್ರೆಪಗಡೆ ಪಕ್ಕದ ಮನೆಯಿಂದ ತರಲು ಹೋಗಿದ್ದೆ. ನಮ್ಮ ಮನೆ ಇದ್ದಲ್ಲಿ ಪಾಯ ತೆಗೆದಿದ್ದರು. ಹಳೇ ಅಭ್ಯಾಸ, ಕಣ್ಣಲ್ಲೇ ಅಳತೆ ಹಾಕಿದೆ. ಗುಂಡಿ ಪಕ್ಕದ ಕಾಂಪೌಂಡಿಗೆ ತಾಗಿಕೊಂಡೇ ಇತ್ತು, ಒಂದಡಿ ಜಾಗವನ್ನೂ ಬಿಟ್ಟಿರಲಿಲ್ಲ. ಎಷ್ಟು ಮಹಡಿ ಅಂತ ಅಲ್ಲಿದ್ದ ಮೇಸ್ತ್ರಿಯನ್ನು ಕೇಳಿದೆ. "ಸದ್ಯಕ್ಕೆ ನಾಲ್ಕು ಸಾರ್, ಆಮೇಲೆ ನೋಡ್ಬೇಕು" ಅಂದ.